ತರಗೆಲೆ ಹೊದ್ದ ಸಿಂಗಾರಿ

ಲೋಕ ಆಗಿನ್ನೂ ಹೊಸದು. ಬೆಟ್ಟ ಆಗ ತಾನೇ ತಿರುವಿ ಇಟ್ಟ ರಾಗಿಮುದ್ದೆಯ ಹಾಗೆ ಹಬೆಯಾಡುತ್ತಿತ್ತು. ಆ ಹಬೆಯನ್ನೇ ನಾವು ಈಗ ಮಂಜು ಅನ್ನುತ್ತೇವೆ. ಹೊಳೆಗೆ ತಾನು ಯಾವ ಕಡೆ ಹರಿಯಬೇಕು ಅಂತ ಸರಿಯಾಗಿ ಗೊತ್ತಿರಲಿಲ್ಲ. ಒಂದಿಷ್ಟು ದೂರ ಹೋಗಿ, ನಿಂತು, ಬೆಟ್ಟವನ್ನು ಕೇಳಿಕೊಂಡು ಮತ್ತೆ ಹೊರಡುತ್ತಿತ್ತು. ಗಾಳಿಗೆ ಮಾತು ಬರುತ್ತಿತ್ತು, ಹೊಳೆಗೆ ಬರುತ್ತಿತ್ತು, ಎಲೆಯಡಿ ಹರಿದಾಡುವ ಹುಳಕ್ಕೂ ಬರುತ್ತಿತ್ತು.

ಆ ಬೆಟ್ಟವನ್ನು ಎಲ್ಲರೂ ಅವ್ವಾ ಅಂತಲೇ ಕರೆಯುತ್ತಿದ್ದರು. ಬೆಟ್ಟದವ್ವನ ಮೈತುಂಬ ಚಿಟ್ಟೆಗಳು. ಅಂಗೈಯಗಲದವು ಇದ್ದವು, ಉಗುರಿನಷ್ಟು ಸಣ್ಣವೂ ಇದ್ದವು. ಬಿಳಿ, ಹಳದಿ, ಕಪ್ಪು, ಚುಕ್ಕಿ, ಗೆರೆ, ಏನುಂಟು ಏನಿಲ್ಲ! ಆದರೆ ಯಾರು ಯಾರ ಮನೆಯವರು ಅಂತ ಯಾರಿಗೂ ಗೊತ್ತಿಲ್ಲ. ಎಲ್ಲ ಕಲಸುಮೇಲೋಗರ. ಒಂದು ಹೂವು ಅರಳಿದರೆ ಸಾಕು, ಸುತ್ತ ಜಗಳ. "ನಾನು ಮೊದಲು ನೋಡಿದ್ದು." "ನೋಡಿದ್ರೆ ಏನು, ಕೂತಿದ್ದು ನಾನು."

ಆಗ ಚಿಟ್ಟೆಗಳಿಗೆ ರೆಕ್ಕೆ ಮಡಚುವ ಅಭ್ಯಾಸವೇ ಇರಲಿಲ್ಲ. ಕೂತರೂ ಬಿಚ್ಚಿಕೊಂಡೇ ಕೂರುತ್ತಿದ್ದವು, ಒಗೆದ ಸೀರೆಗಳನ್ನು ಬಂಡೆಯ ಮೇಲೆ ಹರವಿದ ಹಾಗೆ.

ಇನ್ನೊಂದು ಮಾತು ಈಗಲೇ ಹೇಳಿಬಿಡಬೇಕು. ತಾಯಿ ಚಿಟ್ಟೆ ಎಲೆಯ ಮೇಲೆ ಮೊಟ್ಟೆ ಇಟ್ಟು ಹಾರಿಹೋಗುತ್ತದೆ. ಮೊಟ್ಟೆಯಿಂದ ಹುಳ ಬರುತ್ತದೆ. ಹುಳ ಎಲೆ ತಿಂದು ದಪ್ಪಗಾಗಿ, ಗೂಡು ಕಟ್ಟಿ ಒಳಗೆ ನಿದ್ದೆ ಹೋಗುತ್ತದೆ. ಎದ್ದಾಗ ರೆಕ್ಕೆ ಬಂದಿರುತ್ತದೆ. ಆದರೆ ಅದು ಎಂಥ ನಿದ್ದೆ ಅಂತೀಯ ಕಂದಾ! ಹಿಂದಿನದೆಲ್ಲ ಮರೆತೇ ಹೋಗುತ್ತದೆ. ಹಾಗಾಗಿ ಆಗಿನ ಚಿಟ್ಟೆಗಳು ತಾವು ನೆಟ್ಟಗೆ ಆಕಾಶದಿಂದಲೇ ಉದುರಿದವರು ಅಂದುಕೊಂಡಿದ್ದವು. ದಾರಿಯಲ್ಲಿ ಒಂದು ಹುಳ ಕಂಡರೆ, "ಥೂ!" ಅಂತ ಮುಖ ತಿರುಗಿಸಿ ಹಾರುತ್ತಿದ್ದವು. ಅದು ತನ್ನದೇ ಮಗುವೋ ಏನೋ, ಯಾರಿಗೆ ಗೊತ್ತು?

ಒಂದು ದಿನ ಬೆಟ್ಟದವ್ವ ಎಲ್ಲರನ್ನೂ ಕರೆದಳು.

"ನಿಮ್ಮ ಜಗಳ ಕೇಳಿ ಕೇಳಿ ನನ್ನ ತಲೆ ಕೆಟ್ಟುಹೋಗಿದೆ. ಮಳೆ ಬರೋದ್ರೊಳಗೆ ಯಾರು ಯಾರ ಮನೆಯವರು ಅಂತ ನೋಡಿ ಬೇರೆ ಬೇರೆ ಸಾಲು ಕೂರಿಸಿ. ಒಂದೊಂದು ಮನೆಯವರಿಗೂ ನನ್ನ ಮೈಮೇಲೆ ಒಂದೊಂದು ಜಾಗ ಬಿಟ್ಟುಕೊಡ್ತೀನಿ. ಅದು ಅವರ ಮಕ್ಕಳುಮರಿಗೂ ಇರಲಿ. ಹೇಳಿ, ಸಾಲು ಕೂರಿಸೋರು ಯಾರು?"

ಯಾರೂ ಯೋಚನೆ ಮಾಡಲಿಲ್ಲ. ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು. ಸಿಂಗಾರಿಯ ಕಡೆ.

ಸಿಂಗಾರಿಯ ರೆಕ್ಕೆಯ ಚೆಲುವೇ ಹಾಗೆ. ಮಳೆ ನಿಂತ ಮೇಲೆ ಆಕಾಶ ಇರುತ್ತದಲ್ಲ, ಆ ನೀಲಿ. ಅದರ ಮೇಲೆ ಅಡ್ಡಕ್ಕೆ ಕೇಸರಿಯ ಅಗಲ ಪಟ್ಟೆ, ಮದುವೆ ಸೀರೆಯ ಅಂಚಿನ ಹಾಗೆ. ಅವಳು ಒಂದು ಕಡೆ ಕೂತರೆ ಹೂವನ್ನು ಬಿಟ್ಟು ಅವಳನ್ನೇ ನೋಡಬೇಕು. ಅವಳಿಗೂ ಅದು ಗೊತ್ತು. ನೋಡಲಿ ಅಂತಲೇ ಒಂದು ಸಲ ಹೀಗೆ, ಒಂದು ಸಲ ಹಾಗೆ ತಿರುಗಿ ಕೂರುತ್ತಿದ್ದಳು.

"ನನ್ನ ಕೈಲಿ ಆಗುತ್ತಾ ಅವ್ವಾ?" ಅಂದಳು, ಆಗುತ್ತೆ ಅಂತ ಎಲ್ಲರೂ ಹೇಳಲಿ ಅಂತ.

"ಆಗುತ್ತೆ, ಆಗುತ್ತೆ," ಅಂದರು ಎಲ್ಲರೂ. ಆವತ್ತಿನಿಂದ ಸಿಂಗಾರಿ ಎಲ್ಲರ ಬಾಯಲ್ಲೂ ಅಮ್ಮಾವ್ರು ಆದಳು.

ಬೆಟ್ಟದ ಮಧ್ಯೆ ಒಂದು ದೊಡ್ಡ ಹಾಸುಬಂಡೆ. ಅಲ್ಲೇ ಸಭೆ. ಸಾಲು ಹೇಗೆ ಕೂರಿಸುವುದು? ಸಿಂಗಾರಿ ತನ್ನ ರೆಕ್ಕೆ ನೋಡಿಕೊಂಡಳು. ಎಲ್ಲರೂ ತನ್ನನ್ನು ಆರಿಸಿದ್ದು ಇದನ್ನು ನೋಡಿಯೇ ಅಲ್ಲವೇ? ಹಾಗಾದರೆ ರೆಕ್ಕೆ ನೋಡುವುದೇ ಸರಿ.

"ಬಿಳಿಯೋರೆಲ್ಲ ಈ ಕಡೆ ಬನ್ನಿ. ಹಳದಿಯೋರು ಆ ಕಡೆ. ಚುಕ್ಕಿ ಇರೋರು ಚುಕ್ಕಿ ಇರೋರ ಜೊತೆ. ಗೆರೆ ಇರೋರು ನುಗ್ಗಬೇಡಿ, ನಿಮಗೂ ಜಾಗ ಇದೆ."

ಗುಂಪಿನಲ್ಲಿ ಮಾದಯ್ಯ ಅಂತ ಒಬ್ಬ ಇದ್ದ. ಕಪ್ಪು ರೆಕ್ಕೆ, ಅದರ ಮೇಲೆ ಬಿಳಿ ಪಟ್ಟೆ. ಅವನ ಹೆಂಡತಿ ಕೆಂಪಿ. ಅವಳದೂ ಕಪ್ಪು ರೆಕ್ಕೆಯೇ, ಆದರೆ ಅಂಚಿನಲ್ಲಿ ಕುಂಕುಮ ಚೆಲ್ಲಿದ ಹಾಗೆ ಕೆಂಪು ಬೊಟ್ಟು. ಸಿಂಗಾರಿ ಅವನನ್ನು ಒಂದು ಸಾಲಿಗೆ, ಅವಳನ್ನು ಇನ್ನೊಂದು ಸಾಲಿಗೆ ಕಳಿಸಿದಳು.

"ಅಮ್ಮಾವ್ರೇ, ಅವಳು ನನ್ನ ಹೆಂಡ್ತಿ," ಅಂದ ಮಾದಯ್ಯ.

"ಹೆಂಡ್ತಿನಾ? ಅವಳ ರೆಕ್ಕೆ ಮೇಲೆ ಕೆಂಪು ಬೊಟ್ಟಿದೆ. ನಿನ್ನದರಲ್ಲಿ ಎಲ್ಲಿದೆ, ತೋರಿಸು."

"ರೆಕ್ಕೆ ಮೇಲೆ ಇಲ್ಲ, ಅಮ್ಮಾವ್ರೇ. ಬೆನ್ನ ಮೇಲೆ ಇರಬೇಕು. ನಿನ್ನೆ ತಾನೇ ಅವಳ ಕೈಲಿ ಏಟು ತಿಂದಿದ್ದೀನಿ."

ಸಭೆಯೆಲ್ಲ ಗೊಳ್ಳೆಂದಿತು. ಆಚೆ ಸಾಲಿನಿಂದ ಕೆಂಪಿ ಕೂಗಿದಳು: "ಸುಮ್ನಿರಿ ಅತ್ಲಾಗಿ, ಹತ್ತು ಜನರ ಮುಂದೆ ಮಾನ ಕಳೀಬೇಡಿ!"

ನಗುತ್ತ ನಗುತ್ತಲೇ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಆದರು. ನಕ್ಕವರಿಗೆ ಅದು ಗೊತ್ತೂ ಆಗಲಿಲ್ಲ.

ಕೊನೆಗೆ ಒಬ್ಬಳು ಉಳಿದಳು. ಮಬ್ಬಜ್ಜಿ. ಕಂದು ಬಣ್ಣದ ಮುದಿ ಚಿಟ್ಟೆ, ಹುಲ್ಲಿನ ಮಧ್ಯೆ ಇರುವವಳು. ಹೂವಿನ ಹತ್ತಿರ ಹೋದವಳೇ ಅಲ್ಲ. ಮರದ ಬುಡದಲ್ಲಿ ಉದುರಿ ಕೊಳೆತ ಹಣ್ಣಿನ ರಸವೇ ಅವಳ ಊಟ.

"ನಿನ್ನದು ಯಾವ ಬಣ್ಣ ಅಂತ ಹೇಳಲಿ ಅಜ್ಜಿ?" ಅಂದಳು ಸಿಂಗಾರಿ, ಮೂಗು ಮುರಿದು. "ಎಲ್ಲರಿಗಿಂತ ಹಿಂದೆ ಕೂತ್ಕೋ. ನಿನ್ನ ಹಾಗೇ ಹಣ್ಣು ನೆಕ್ಕೋರನ್ನೆಲ್ಲ ಪಕ್ಕಕ್ಕೆ ಕರ್ಕೋ."

"ಕೂರ್ತೀನಿ ಬಿಡವ್ವ," ಅಂದಳು ಮಬ್ಬಜ್ಜಿ. "ಹಿಂದೆ ಕೂತ್ರೆ ನೆರಳಾದ್ರೂ ಸಿಗುತ್ತೆ. ನಿನ್ನ ಬೆನ್ನೂ ಕಾಣುತ್ತೆ. ಮುಂದಿರೋರಿಗೆ ಆ ಭಾಗ್ಯ ಎಲ್ಲಿ?"

ಸಾಲು ಮುಗಿಯಿತು. ಬೆಟ್ಟದವ್ವ ಇನ್ನೇನು ಜಾಗ ಹಂಚಬೇಕು, ಬಂಡೆಯ ಅಂಚಿನಲ್ಲಿ ಏನೋ ಸರಸರ ಸದ್ದು.

ಹುಳಗಳು! ಹಸಿರು ಹುಳ, ಗೆರೆಗೆರೆಯ ಹುಳ, ಕೂದಲಿನ ಹುಳ. ನಿಂಬೆಗಿಡದಿಂದ ಬಂದ ಒಂದು ಹುಳ ಥೇಟ್ ಹಕ್ಕಿಯ ಹಿಕ್ಕೆಯ ಹಾಗೇ ಇತ್ತು. ಅದನ್ನು ನೋಡಿ ಮಾದಯ್ಯ ಬಿದ್ದು ಬಿದ್ದು ನಕ್ಕ.

ಎಲ್ಲರ ಮುಂದೆ ಒಂದು ಕಪ್ಪು ಹುಳ. ಮೈತುಂಬ ಮುಳ್ಳು. ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ.

"ಎಲ್ಲರಿಗೂ ಜಾಗ ಕೊಡ್ತಾರೆ ಅಂತ ಕೇಳಿ ಬಂದ್ವಿ," ಅಂದಿತು. "ನಮ್ಮದು ಯಾವ ಸಾಲು?"

ಆಮೇಲೆ ಅದರ ಕಣ್ಣು ಸಿಂಗಾರಿಯ ಮೇಲೆ ಬಿತ್ತು. ಮುಳ್ಳುಮೈಯೆಲ್ಲ ಹಿಗ್ಗಿತು.

"ಅಕ್ಕಾ!" ಅಂದಿತು. "ಅಕ್ಕಾ, ನೀನಾ! ನಾನು ಸಣ್ಣಿ ಕಣೇ. ಕೆಳಗಿನ ಕಮರಿಯ ಗುರ್ಗಿ ಗಿಡ, ನೆನಪಿಲ್ವಾ? ಬಲಿತ ಎಲೆ ನೀನು ತಿಂದು ಚಿಗುರು ನನಗೆ ಬಿಡ್ತಿದ್ದೆ. ನೀನು ಗೂಡು ಕಟ್ಟಿದ್ದು ನನ್ನ ಪಕ್ಕದ ಕಡ್ಡಿಯಲ್ಲೇ. ಹೊರಗೆ ಬಂದು ರೆಕ್ಕೆ ಒಣಗಿಸ್ಕೊಳ್ಳೋವಾಗ ನಾನು ನೋಡ್ತಾನೇ ಕೂತಿದ್ದೆ. ಎಷ್ಟು ಚೆನ್ನಾಗಿದ್ದೀಯಕ್ಕಾ!"

ಸಭೆಯ ಕಣ್ಣೆಲ್ಲ ಸಿಂಗಾರಿಯ ಕಡೆ ತಿರುಗಿತು.

ಸಣ್ಣಿಯ ಬಾಯಿಂದ ಗುರ್ಗಿ ಎಲೆಯ ಒಗರು ವಾಸನೆ ಬಂತು. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಸಿಂಗಾರಿಗೆ ಎಲ್ಲ ನೆನಪಾಗಿಬಿಟ್ಟಿತು. ಇಳಿಜಾರಿನ ಒರಟು ಪೊದೆ. ತನ್ನ ಕಪ್ಪು ಮೈ, ತನ್ನ ಮುಳ್ಳು. ಮಳೆ ಹನಿ ಬಿದ್ದಾಗ ಎಲೆಯಡಿಗೆ ಸರಿದು, ತಂಗಿಯ ಮೈಗೆ ಮೈ ಒತ್ತಿ ಮಲಗಿದ್ದು. ಎಲ್ಲ. ಬೇರೆ ಯಾವ ಚಿಟ್ಟೆಗೂ ನೆನಪಾಗದ್ದು ಅವಳೊಬ್ಬಳಿಗೆ ನೆನಪಾಯಿತು.

ಮುಂದಿನ ಸಾಲಿನಿಂದ ಒಬ್ಬ ಹಳದಿ ಚಿಟ್ಟೆ ಮೆಲ್ಲಗೆ ಕೇಳಿದಳು: "ಏನಮ್ಮಾವ್ರೇ, ನಿಮ್ಮ ಸಂಬಂಧಾನಾ?"

ಎಷ್ಟು ಹೊತ್ತು ಬೇಕು, ಹೌದು ಅನ್ನುವುದಕ್ಕೆ? ಆದರೆ ಸಿಂಗಾರಿ ತನ್ನ ನೀಲಿ ರೆಕ್ಕೆ ನೋಡಿಕೊಂಡಳು. ಆ ಮುಳ್ಳು ನೋಡಿದಳು. ಅಷ್ಟೂ ಜನ ತನ್ನ ಮುಖವನ್ನೇ ನೋಡುತ್ತಿರುವುದನ್ನು ನೋಡಿದಳು.

"ಇಲ್ಲಪ್ಪ," ಅಂದಳು. "ಯಾವುದೋ ಹುಳ. ಯಾರೇ ನೀನು?"

ಸಣ್ಣಿಯ ಹಿಗ್ಗಿದ ಮೈ ಹಾಗೇ ಕುಗ್ಗಿತು. ಅದು ಜಗಳವಾಡಲಿಲ್ಲ, ಅಳಲಿಲ್ಲ. ತಲೆ ತಗ್ಗಿಸಿ, "ತಪ್ಪಾಯ್ತು ಅಮ್ಮಾವ್ರೇ," ಅಂದಿತು. "ನಮ್ಮಕ್ಕನ ಹಾಗೇ ಕಂಡ್ರಿ. ಅದಕ್ಕೇ ಬಾಯ್ತಪ್ಪಿ ಬಂತು."

ಅಕ್ಕಾ ಅಂದವಳ ಬಾಯಲ್ಲಿ ಅಮ್ಮಾವ್ರೇ! ಆ ಮಾತು ಸಿಂಗಾರಿಯ ಎದೆಗೆ ಮುಳ್ಳು ಮುರಿದ ಹಾಗೆ ಹೊಕ್ಕಿತು. ಹೊಕ್ಕಿದ್ದು ಯಾರಿಗೂ ಕಾಣಬಾರದಲ್ಲ, ಅದಕ್ಕೆ ಇನ್ನೂ ಜೋರು ಮಾಡಿದಳು.

"ರೆಕ್ಕೆ ಇಲ್ಲದೋರಿಗೆ ಇಲ್ಲಿ ಸಾಲು ಎಲ್ಲಿಂದ ತರಲಿ? ಹುಳಗಳೆಲ್ಲ ಹೊಳೆ ದಾಟಿ ಆಚೆ ಹೋಗಿ."

ಹೊಳೆಯಾಚೆ ಬರೀ ಕಲ್ಲುಗುಡ್ಡ. ನೆಕ್ಕುವುದಕ್ಕೆ ಪಾಚಿ ಬಿಟ್ಟರೆ ಹಸಿರು ಅನ್ನುವುದೇ ಇಲ್ಲ. ಬೇಸಿಗೆ, ಹೊಳೆ ಸಣ್ಣದಾಗಿತ್ತು. ಅಡ್ಡ ಬಿದ್ದ ಒಂದು ಮರದ ಮೇಲೆ ಹುಳಗಳು ಒಂದರ ಹಿಂದೆ ಒಂದು ಹೊರಟವು. ಎಲ್ಲರಿಗಿಂತ ಹಿಂದೆ ಸಣ್ಣಿ. ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು ಅನ್ನಿಸಿತು ಸಿಂಗಾರಿಗೆ.

ಬೆಟ್ಟದವ್ವ, "ಹೀಗೇನಾ ಮಗಳೇ?" ಅಂತ ಕೇಳಿದಳು.

"ಹೀಗೇ ಅವ್ವಾ."

"ಸರಿ, ನೀನು ನೋಡಿದವಳು," ಅಂದು ಅವ್ವ ಬಣ್ಣಕ್ಕೊಂದು ಜಾಗ ಹಂಚಿಬಿಟ್ಟಳು. ಬಿಳಿಯವರಿಗೆ ನೆತ್ತಿ, ಹಳದಿಯವರಿಗೆ ಹೆಗಲು, ಕೆಂಪು ಬೊಟ್ಟಿನವರಿಗೆ ನಡು, ಬಿಳಿ ಪಟ್ಟೆಯ ಕಪ್ಪಿನವರಿಗೆ ಬುಡ. ಒಬ್ಬರ ಗಡಿ ಇನ್ನೊಬ್ಬರು ದಾಟುವಂತಿಲ್ಲ.

ಮಳೆ ಬಂತು. ಹೊಳೆ ತುಂಬಿತು. ಅಡ್ಡ ಬಿದ್ದ ಮರ ಕೊಚ್ಚಿಹೋಯಿತು.

ಸಿಂಗಾರಿಯನ್ನು ಕಂಡವರೆಲ್ಲ, "ಬನ್ನಿ ಅಮ್ಮಾವ್ರೇ, ಈ ಹೂವಲ್ಲಿ ಕೂತ್ಕೊಳ್ಳಿ," ಅನ್ನುತ್ತಿದ್ದರು. ಅವಳು ಕೂರುತ್ತಿದ್ದಳು. ಜೇನು ಬಾಯಿಗೆ ಸೇರುತ್ತಿರಲಿಲ್ಲ. ಯಾರಾದರೂ ಅಮ್ಮಾವ್ರೇ ಅಂದರೆ ಸಾಕು, ಬೆಚ್ಚಿಬೀಳುತ್ತಿದ್ದಳು. ಮೊದಲು ನೋಡಲಿ ಅಂತ ಬಿಚ್ಚಿಕೊಂಡು ಕೂರುತ್ತಿದ್ದ ರೆಕ್ಕೆಯನ್ನು ಈಗ ಯಾರಾದರೂ ದಿಟ್ಟಿಸಿದರೆ ಮೈ ಉರಿಯುತ್ತಿತ್ತು.

ಮೊಟ್ಟೆ ಇಡುವ ಕಾಲ ಬಂತು. ಒಂದು ದಿನ ಕೆಂಪಿ ಬಂದಳು. ಹೊಟ್ಟೆ ಭಾರ, ಮುಖ ಬಾಡಿತ್ತು.

"ಅಮ್ಮಾವ್ರೇ, ಒಂದು ಮಾತು. ನನಗೆ ಕೊಟ್ಟ ಜಾಗದಲ್ಲಿ ಇರೋ ಎಲೆಯ ಮೇಲೆಲ್ಲ ಕಾಲಿಟ್ಟು ನೋಡಿದೆ. ಯಾವುದೂ ಕಾಲಿಗೆ ಒಪ್ತಾ ಇಲ್ಲ. ಕೆಳಗೆ ನಮ್ಮನೆಯವರ ಕಡೆ ಒಂದು ನಿಂಬೆಗಿಡ ಇದೆ. ಒಂದೇ ಒಂದು ಸಲ ಹೋಗಿ ಬರ್ತೀನಿ."

"ನಿಂಬೆಗಿಡ ಯಾಕೆ?"

"ಯಾಕೆ ಅಂತ ನನಗೂ ಗೊತ್ತಿಲ್ಲ. ಬಸುರಿ ಹೆಂಗಸು, ತವರಿಗೆ ಹೋಗ್ಬೇಕು ಅನ್ನಿಸುತ್ತಲ್ಲ, ಹಾಗೆ. ತವರು ಎಲ್ಲಿ ಅಂತ ಕೇಳಿದ್ರೆ ಹೇಳೋಕೆ ಬರಲ್ಲ. ಕಾಲಿಗೆ ಗೊತ್ತು ಅನ್ನಿಸುತ್ತೆ."

ಸಿಂಗಾರಿಗೆ ಗೊತ್ತಿತ್ತು. ಯಾಕೆ ನಿಂಬೆಗಿಡ, ತವರು ಅಂದರೆ ಯಾವುದು, ಹಿಕ್ಕೆಯ ಹಾಗಿದ್ದ ಆ ಹುಳ ಯಾರ ಮನೆಯದು, ಎಲ್ಲ ಗೊತ್ತಿತ್ತು. ಹೇಳಬೇಕಾದರೆ, ನನಗೆ ಹೇಗೆ ಗೊತ್ತು ಅಂತಲೂ ಹೇಳಬೇಕಿತ್ತು. "ಅವ್ವ ಹಾಕಿದ ಗಡಿ ನಾನು ಹೇಗೆ ದಾಟಿಸಲಿ?" ಅಂದುಬಿಟ್ಟಳು. ಕೆಂಪಿ ಹೋದಳು. ಸಿಂಗಾರಿ ಅಲ್ಲೇ ಕೂತು ತನ್ನ ಕಾಲು ನೋಡಿಕೊಂಡಳು.

ಅವಳ ಹೊಟ್ಟೆಯೂ ಭಾರವಾಗಿತ್ತು. ಅವಳ ಕಾಲಿಗೂ ಯಾವ ಎಲೆಯೂ ಒಪ್ಪುತ್ತಿರಲಿಲ್ಲ.

ಒಂದು ಬೆಳಗ್ಗೆ, ತಾನೆಲ್ಲಿಗೆ ಹೋಗುತ್ತಿದ್ದೇನೆ ಅಂತ ತನಗೇ ಹೇಳಿಕೊಳ್ಳದೆ, ಸಿಂಗಾರಿ ಕಮರಿಗೆ ಇಳಿದಳು. ಗುರ್ಗಿ ಪೊದೆ ಹಾಗೇ ಇತ್ತು. ಒಂದು ಕೊಂಬೆಯಲ್ಲಿ ಬಲಿತ ಎಲೆಗಳನ್ನೆಲ್ಲ ಯಾರೋ ತಿಂದಿದ್ದರು. ನರ ಮಾತ್ರ ಉಳಿದಿತ್ತು. ಆದರೆ ಅದೇ ಕೊಂಬೆಯ ತುದಿಯ ಚಿಗುರು ಒಂದು ಕಚ್ಚೂ ಇಲ್ಲದೆ ಉಳಿದಿತ್ತು. ಸಣ್ಣಿ ಸಭೆಗೆ ಹೊರಡುವ ಮೊದಲು ತಿಂದ ಕೊಂಬೆ ಅದು.

ಚಿಗುರು ಯಾರಿಗೆ ಬಿಟ್ಟಿದ್ದಳು? ಹಾರಿಹೋದ ಅಕ್ಕ ಇವತ್ತಲ್ಲ ನಾಳೆ ಬರುತ್ತಾಳೆ ಅಂತ ತಾನೇ?

ಸಿಂಗಾರಿ ಆ ಚಿಗುರಿನ ಮುಂದೆ ನಿಲ್ಲಲಾರದೆ ಹೊಳೆಯ ದಡಕ್ಕೆ ಓಡಿದಳು. ಹೊಳೆ ಕೆಂಪಗೆ ಮೊರೆಯುತ್ತಿತ್ತು.

"ಹೊಳೆಯಮ್ಮಾ, ಆಚೆ ಅವರು ಹೇಗಿದ್ದಾರೆ?"

"ಯಾರು?" ಅಂದಿತು ಹೊಳೆ. ಗೊತ್ತಿದ್ದೂ ಕೇಳಿತು.

"ಹುಳ... ಮಕ್ಕಳು," ಅಂದಳು ಸಿಂಗಾರಿ.

"ಹಾಗೆ ಹೇಳು. ಪಾಚಿ ನೆಕ್ಕಿ ಜೀವ ಹಿಡ್ಕೊಂಡಿದ್ದಾವೆ. ಕೆಲವು ಅದೂ ಇಲ್ಲ. ಮುಳ್ಳುಮೈಯೋಳು ಒಬ್ಬಳಿದ್ದಾಳೆ, ಈ ಕಡೆಯಿಂದ ಗಾಳಿ ಬೀಸಿದಾಗೆಲ್ಲ ತಲೆ ಎತ್ತಿ ಮೂಸ್ತಾಳೆ. ಏನೇ ಅದು ಅಂದ್ರೆ, ನಮ್ಮ ಗಿಡದ ವಾಸನೆ ಅಂತಾಳೆ. ನಿನ್ನೆಯಿಂದ ತಲೆ ಎತ್ತಿಲ್ಲ."

ಸಿಂಗಾರಿ ನೆಟ್ಟಗೆ ಹಾಸುಬಂಡೆಗೆ ಹಾರಿದಳು.

ಬಂಡೆಯ ಮೇಲೆ ಆಗಲೇ ಎಲ್ಲರೂ ಸೇರಿದ್ದರು. ಬೆಟ್ಟದವ್ವ ತಾನಾಗಿಯೇ ಕರೆಸಿದ್ದಳು. ಮುದುಕರು ಒಬ್ಬೊಬ್ಬರಾಗಿ ಉದುರುತ್ತಿದ್ದರು, ಹೊಸ ರೆಕ್ಕೆಯವರು ಒಬ್ಬರೂ ಬಂದಿರಲಿಲ್ಲ. "ನನ್ನ ಮೈಯೆಲ್ಲ ಬೋಳಾಗ್ತಾ ಇದೆ. ಯಾಕೆ ಅಂತ ಯಾರಾದ್ರೂ ಹೇಳ್ತೀರಾ?" ಅಂತ ಕೇಳುತ್ತಿದ್ದಳು. ಸಿಂಗಾರಿ ಬಂದದ್ದೇ ಎಲ್ಲರೂ ಅವಳ ಕಡೆ ತಿರುಗಿದರು. ಅಮ್ಮಾವ್ರಿಗೆ ಗೊತ್ತಿರುತ್ತೆ!

"ಗೊತ್ತು ಅವ್ವಾ," ಅಂದಳು ಸಿಂಗಾರಿ. "ಹೊಳೆಯಾಚೆ ಕಳಿಸಿದ್ದು ಹುಳಗಳನ್ನಲ್ಲ. ನಮ್ಮ ಮಕ್ಕಳನ್ನ. ನಾವೆಲ್ಲ ಒಂದು ಕಾಲಕ್ಕೆ ಅವರ ಹಾಗೇ ಇದ್ದೋರು. ನಿದ್ದೇಲಿ ಮರೆತಿದ್ದೀವಿ, ಅಷ್ಟೆ. ನಿಮಗೆ ಮರೆತಿತ್ತು. ನನಗೆ ನೆನಪಾಗಿತ್ತು."

ಸಿಂಗಾರಿ ಅವತ್ತು ಸಣ್ಣಿ ನಿಂತಿದ್ದ ಬಂಡೆಯ ಅಂಚಿನ ಕಡೆ ತಿರುಗಿದಳು.

"ಅವತ್ತು ಅಕ್ಕಾ ಅಂದಳಲ್ಲ, ಅವಳು ನನ್ನ ತಂಗಿ. ಅವಳು ಕರೆದ ಕೂಡಲೇ ನನಗೆ ಗುರುತು ಸಿಕ್ತು. ಸಿಕ್ಕಿದ ಮೇಲೇ ಯಾರೇ ನೀನು ಅಂದೆ. ಅವಳ ಮುಳ್ಳಿಗೆ ನಾಚಿಕೊಂಡು ಅಂದೆ. ಅವಳನ್ನು ಕಣ್ಣೆದುರಿಂದ ದೂರ ಮಾಡೋಕೆ ಅಷ್ಟೂ ಮಕ್ಕಳನ್ನ ದೂರ ಮಾಡಿದೆ."

ಯಾರಾದರೂ ಬೈಯಬಾರದೇ ಅಂದುಕೊಂಡಳು. ಯಾರೂ ಬೈಯಲಿಲ್ಲ. ಎಲ್ಲರೂ ತಮ್ಮ ತಮ್ಮ ಕಾಲು ನೋಡುತ್ತ ಕೂತುಬಿಟ್ಟರು. ಥೂ ಅಂದವರು ಅವರೂ ಹೌದಲ್ಲ.

ಮಾದಯ್ಯ ತಲೆ ಎತ್ತಿ ಕೇಳಿದ: "ಹಾಗಾದ್ರೆ, ನಿಂಬೆಗಿಡದೋನು... ಹಿಕ್ಕೆ ಥರ ಇದ್ದೋನು..."

"ನಮ್ಮೋನು ಕಣ್ರೀ," ಅಂದಳು ಕೆಂಪಿ. "ಎಲ್ಲರಿಗಿಂತ ಜೋರಾಗಿ ನೀವೇ ನಕ್ಕಿದ್ದು."

ಮಾದಯ್ಯನ ತಮಾಷೆಯೆಲ್ಲ ಅವತ್ತಿಗೆ ಮುಗಿಯಿತು.

ಕೂತು ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಹೊಳೆ ತುಂಬಿದೆ, ಮರ ಇಲ್ಲ. ಚಿಟ್ಟೆಗಳು ಹಾರಿ ಹೋಗಬಹುದು, ಆದರೆ ಹುಳವನ್ನು ಎತ್ತಿಕೊಂಡು ಬರುವ ಶಕ್ತಿ ಯಾವ ಚಿಟ್ಟೆಗಿದೆ? ಸಿಂಗಾರಿ ಗಾಳಿಯ ಕಾಲಿಗೆ ಬಿದ್ದಳು. "ಗಾಳಿಯಣ್ಣ, ನೀನೇ ಹೊತ್ತು ತಾ."

"ಬರಿಗೈಲಿ ಹೊತ್ರೆ ಉದುರಿಹೋಗ್ತಾವೆ ಕಣಮ್ಮ, ಮೊದಲೇ ಸೊರಗಿದ ಮೈ," ಅಂದಿತು ಗಾಳಿ. "ಹಿಡ್ಕೊಳ್ಳೋಕೆ ಏನಾದ್ರೂ ಬೇಕು."

"ನಾವು ಬರ್ತೀವಿ," ಅಂತ ಒಂದು ಸಣ್ಣ ದನಿ.

ಯಾರು ಅಂತ ನೋಡಿದರೆ, ಮರದ ಬುಡದ ತರಗೆಲೆಗಳು. ಒಣಗಿ, ಕಂದಾಗಿ, ತೂತುಬಿದ್ದು, ಎಲ್ಲರ ಕಾಲಡಿ ಬಿದ್ದಿದ್ದವು. ಯಾರೂ ಅವುಗಳ ಕಡೆ ನೋಡಿದವರೇ ಅಲ್ಲ. "ಚಿಗುರಾಗಿದ್ದಾಗ ಆ ಮಕ್ಕಳಿಗೆ ಊಟ ಹಾಕಿದೋರು ನಾವೇ," ಅಂದವು. "ಈಗ ತಿನ್ನೋಕಂತೂ ಆಗಲ್ಲ. ಹೊರೋಕಾಗುತ್ತೆ."

ಗಾಳಿ ಅವುಗಳನ್ನು ಬಾಚಿ ಎತ್ತಿ ಹೊಳೆಯಾಚೆ ಹಾರಿಸಿತು. ಹುಳಗಳು ಎಲೆಗೊಂದರಂತೆ ಹತ್ತಿ ಕೂತವು, ಗಾಳಿ ಎಲೆಗಳನ್ನು ನೀರಿಗಿಳಿಸಿತು. ಹೊಳೆ ತನ್ನ ಮೊರೆತ ತಗ್ಗಿಸಿ, ಎಲೆದೋಣಿಗಳನ್ನು ಮೆಲ್ಲಗೆ ತಳ್ಳಿತು. ಈ ದಡದಲ್ಲಿ ಚಿಟ್ಟೆಗಳೆಲ್ಲ ನಿಂತು ಕಾಯುತ್ತಿದ್ದವು. ಎಲೆ ಬಂದು ದಡ ಮುಟ್ಟಿದಾಗ ಯಾರಿಗೂ ತಮ್ಮ ಮಗು ಯಾವುದು ಅಂತ ಗುರುತು ಸಿಗಲಿಲ್ಲ. ಹುಳಗಳೇ ತಮ್ಮ ತಮ್ಮ ಗಿಡದ ಕಡೆ ಮುಖ ತಿರುಗಿಸಿ ಹರಿಯತೊಡಗಿದವು. ತಾಯಂದಿರು ಅವುಗಳ ಹಿಂದೆ ಹಿಂದೆ ಹೋದರು. ಕೆಂಪಿಯ ಮಗ ನಿಂಬೆಗಿಡಕ್ಕೆ ಹೋದ. ಅವನ ಹಿಂದೆ ಒಂದು ಕಡೆಯಿಂದ ಕೆಂಪಿ, ಇನ್ನೊಂದು ಕಡೆಯಿಂದ ಮಾದಯ್ಯ.

ಹೊಳೆಯಾಚೆ ಹೋಗಿದ್ದ ಹುಳಗಳಲ್ಲಿ ಎಲ್ಲವೂ ವಾಪಸು ಬರಲಿಲ್ಲ. ಕೆಲವು ಎಲೆ ಖಾಲಿಯೇ ಬಂದವು. ಒಂದೊಂದು ಖಾಲಿ ಎಲೆ ದಡ ಮುಟ್ಟಿದಾಗಲೂ ಸಿಂಗಾರಿಯ ಬಿಚ್ಚಿದ ರೆಕ್ಕೆ ಒಂದಿಷ್ಟು ಒಂದಿಷ್ಟಾಗಿ ಮೇಲೇರಿ, ಬೆನ್ನ ಮೇಲೆ ಕೂಡಿಕೊಳ್ಳುತ್ತ ಬಂತು.

ಎಲ್ಲಕ್ಕಿಂತ ಕೊನೆಯ ಎಲೆಯಲ್ಲಿ ಸಣ್ಣಿ ಇದ್ದಳು. ಮುಳ್ಳೆಲ್ಲ ಬಾಗಿಹೋಗಿತ್ತು. ತರಗೆಲೆ ತನ್ನ ಅಂಚುಗಳನ್ನು ಮೇಲಕ್ಕೆ ಮಡಚಿ, ನೀರು ತಾಗದ ಹಾಗೆ ಅವಳನ್ನು ಮುಚ್ಚಿಕೊಂಡು ತಂದಿತ್ತು. ಅವಳು ದಡಕ್ಕಿಳಿದು ತಲೆ ಎತ್ತಿದಳು. ಎದುರಿಗೆ ಸಿಂಗಾರಿ.

"ಅಮ್ಮಾವ್ರೇ," ಅಂದಳು ಸಣ್ಣಿ, "ಆ ಗುರ್ಗಿ ಗಿಡ ಹತ್ತಬಹುದಾ?"

ಸಿಂಗಾರಿ ದಾರಿ ಬಿಟ್ಟು ಸರಿದು ನಿಂತಳು. ತಂಗಿ ಗಿಡ ಹತ್ತಿ, ತಾನು ಬಿಟ್ಟಿದ್ದ ಚಿಗುರನ್ನು ತಾನೇ ತಿಂದಳು. ತಿಂದು ಗೂಡು ಕಟ್ಟಿಕೊಂಡಳು. ನಿದ್ದೆ ಹೋದಳು.

ಬೆಟ್ಟದವ್ವ ಗಡಿಗಳನ್ನೆಲ್ಲ ಅಳಿಸಿಹಾಕಿದಳು. "ಇನ್ನು ಮೇಲೆ ಯಾರೂ ರೆಕ್ಕೆ ನೋಡಿ ಮನೆತನ ಹೇಳಬೇಡಿ. ತವರಿನ ಎಲೆ ಯಾವುದು ಅಂತ ಕೇಳಿ," ಅಂದಳು. ನಿಂಬೆ, ಕರಿಬೇವಿನವರು ಒಂದು ಮನೆ. ಎಕ್ಕದವರು ಒಂದು ಮನೆ. ಕಕ್ಕೆಮರದ ಹಳದಿಯವರು ಒಂದು ಮನೆ. ಈಶ್ವರಬಳ್ಳಿಯ ದೊಡ್ಡ ರೆಕ್ಕೆಯವರು, ಬಿದಿರಿನ ಕುಳ್ಳರು, ಹುಲ್ಲಿನ ಮಬ್ಬಜ್ಜಿಯವರು, ಹೀಗೆ ಬುಡದಿಂದ ನೆತ್ತಿಯವರೆಗೆ ಎಲ್ಲಿ ಯಾವ ಎಲೆಯೋ ಅಲ್ಲಿ ಅವರು. ಗಂಡನ ಬಣ್ಣ ಒಂದಿರಲಿ, ಹೆಂಡತಿಯ ಬಣ್ಣ ಇನ್ನೊಂದಿರಲಿ, ಎಲೆ ಒಂದೇ ಆದರೆ ಆಯಿತು.

ಸಿಂಗಾರಿ ಬಂದು ಅವ್ವನ ಮುಂದೆ ನಿಂತಳು.

"ನನ್ನ ಈ ಬಣ್ಣ ತೆಗೆದುಬಿಡವ್ವಾ. ನಾನು ಮಾಡಬೇಕಾಗಿದ್ದನ್ನ ಆ ಒಣ ಎಲೆ ಮಾಡಿತು. ನನ್ನನ್ನು ಅದರ ಹಾಗೆ ಮಾಡು."

"ಬಣ್ಣ ಏನು ತಪ್ಪು ಮಾಡಿದೆ ಮಗಳೇ?" ಅಂದಳು ಬೆಟ್ಟದವ್ವ. "ಅದು ನಾನು ಕೊಟ್ಟಿದ್ದು. ಕೊಟ್ಟಿದ್ದನ್ನ ಕಿತ್ಕೊಳ್ಳಲ್ಲ. ಬೇಕಾದ್ರೆ ಹೊರಗಿನ ಹೊದಿಕೆ ಬದಲಾಯಿಸಿ ಕೊಡ್ತೀನಿ."

ಅವ್ವ ಸಣ್ಣಿಯನ್ನು ಹೊತ್ತು ತಂದ ತರಗೆಲೆಯನ್ನು ಎತ್ತಿ, ಮಡಚಿದ ರೆಕ್ಕೆಯ ಹೊರಮೈಗೆ ಒತ್ತಿದಳು. ಅದರ ಕಂದು ಬಣ್ಣ, ನಡುವಿನ ನರ, ಅಲ್ಲಲ್ಲಿ ಬಿದ್ದ ತೂತಿನ ಗುರುತು, ತುದಿಯ ಮೊನೆ, ತೊಟ್ಟು, ಎಲ್ಲ ಅಚ್ಚಾಯಿತು. ನೀಲಿ, ಕೇಸರಿ ಒಳಗೇ ಉಳಿದವು.

ಗುರ್ಗಿ ಎಲೆಯ ಮೇಲೆ ಮೊಟ್ಟೆ ಇಟ್ಟು ಬಂದ ಸಿಂಗಾರಿ ಅವತ್ತಿನಿಂದ ಹೂವಿನ ಕಡೆ ಹೋಗಲಿಲ್ಲ. ಮರದ ಬುಡಕ್ಕೆ ಹೋದಳು. ಅಲ್ಲಿ ಮಬ್ಬಜ್ಜಿ ಬಿದ್ದ ಹಲಸಿನ ಹಣ್ಣಿನ ರಸ ಹೀರುತ್ತಿದ್ದಳು.

"ಅಜ್ಜಿ, ಇಲ್ಲಿ ಕೂರಬಹುದಾ?"

ಮಬ್ಬಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಇದೇನೇ, ನನಗಿಂತ ಮಾಸಲು ಸೀರೆ ಉಟ್ಕೊಂಡು ಬಂದಿದ್ದೀಯ," ಅಂದು, ಒಂದಿಷ್ಟು ಸರಿದು ಜಾಗ ಕೊಟ್ಟಳು. ಸಿಂಗಾರಿ ಆ ಕೊಳೆತ ಹಣ್ಣಿನ ರಸ ಕುಡಿದಳು. ಎಷ್ಟೋ ದಿನದ ಮೇಲೆ ಬಾಯಿಗೆ ರುಚಿ ಹತ್ತಿತು.

ಕೆಲವು ದಿನ ಕಳೆದು ಗುರ್ಗಿ ಗಿಡದ ಗೂಡು ಒಡೆಯಿತು. ಸಣ್ಣಿ ಹೊರಗೆ ಬಂದಳು. ಅದೇ ನೀಲಿ, ಅದೇ ಕೇಸರಿ ಪಟ್ಟೆ. ರೆಕ್ಕೆ ಒಣಗಿಸಿಕೊಳ್ಳುತ್ತ ಸುತ್ತ ನೋಡಿದಳು. ಪಕ್ಕದ ಕೊಂಬೆಯಲ್ಲಿ ತಲೆ ಕೆಳಗಾಗಿ ಒಂದು ತರಗೆಲೆ ಕೂತಿತ್ತು. ಅದಕ್ಕೆ ಕಣ್ಣಿತ್ತು. ಅದು ತನ್ನನ್ನೇ ನೋಡುತ್ತಿತ್ತು.

"ನೀವು ಯಾರು?" ಅಂದಳು ಸಣ್ಣಿ.

ನಿದ್ದೆ ಅವಳಿಂದ ಎಲ್ಲವನ್ನೂ ತೆಗೆದುಕೊಂಡು ಹೋಗಿತ್ತು. ಸಭೆ ಇಲ್ಲ, ಕಲ್ಲುಗುಡ್ಡ ಇಲ್ಲ, ಯಾರೇ ನೀನು ಅಂದದ್ದೂ ಇಲ್ಲ. ಸಿಂಗಾರಿ ಸುಮ್ಮನಿದ್ದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು.

"ನಾನು ನಿನ್ನ ಅಕ್ಕ," ಅಂದಳು ಸಿಂಗಾರಿ. "ಅದು ಹೇಳಿದ್ರೆ ಸಾಲದು. ಇನ್ನೂ ಒಂದು ಹೇಳೋದಿದೆ, ಕೇಳು." ತಲೆ ಎತ್ತದೆ, ಒಂದೂ ಬಿಡದೆ, ಎಲ್ಲ ಹೇಳಿದಳು.

ಸಣ್ಣಿ ಕೇಳಿದಳು. ಕೇಳಿ ಮುಗಿದ ಮೇಲೆ ಮೆಲ್ಲಗೆ ಆ ಕೊಂಬೆಗೆ ಸರಿದು, ಅಕ್ಕನ ಪಕ್ಕದಲ್ಲಿ, ಅಕ್ಕನ ಹಾಗೇ ತಲೆ ಕೆಳಗೆ ಮಾಡಿ ಕೂತಳು. ತನ್ನ ಹೊಸ ರೆಕ್ಕೆಯನ್ನು ಮಡಚಿದಳು. ಮಡಚಿದ ರೆಕ್ಕೆಯ ಹೊರಗೂ ಅದೇ ತರಗೆಲೆಯ ಅಚ್ಚಿತ್ತು, ಅವ್ವ ಒತ್ತಿದ್ದು ಇಡೀ ಮನೆತನಕ್ಕೇ ಇಳಿದಿತ್ತು. ಅಲ್ಲಿ ಚಿಟ್ಟೆಗಳಿದ್ದವು ಅಂತ ಯಾರಿಗೂ ಗೊತ್ತಾಗುವಂತಿರಲಿಲ್ಲ. ಒಂದೇ ಕೊಂಬೆಯಲ್ಲಿ ಅಕ್ಕಪಕ್ಕ ಎರಡು ಒಣ ಎಲೆ.

ಅದಕ್ಕೇ ಕಂದಾ, ಇವತ್ತಿಗೂ ತಾಯಿ ಚಿಟ್ಟೆ ಮೊಟ್ಟೆ ಇಡುವ ಮೊದಲು ಎಲೆಯ ಮೇಲೆ ಕಾಲು ಬಡಿದು ಇದು ನನ್ನ ತವರೇ ಅಂತ ಕೇಳುತ್ತದೆ. ಬೆಟ್ಟದ ದಾರಿಯಲ್ಲಿ ನೀನು ತುಳಿಯಲು ಹೋದ ತರಗೆಲೆ ಒಮ್ಮೊಮ್ಮೆ ತಟಕ್ಕನೆ ನೀಲಿಯಾಗಿ ಎದ್ದು ಹಾರಿ, ಆಚೆ ಮರದ ಮೇಲೆ ತಲೆ ಕೆಳಗೆ ಮಾಡಿ ಕೂತು, ಬೇಗ ಬೇಗ ತನ್ನ ಚೆಲುವನ್ನೆಲ್ಲ ಒಳಗೆ ಮುಚ್ಚಿಕೊಳ್ಳುತ್ತದೆ.